ಪೆರಿಕಲ್ಲೂರಿನ ಕಡವೂ ಹಡಗಿನ ಚೀಟಿಗಳೂ

ವಯನಾಡು ಜಿಲ್ಲೆಯ ಪುಲ್ಪಳ್ಳಿಯಿಂದ ಮುಳ್ಳನ್‌ಕೊಲ್ಲಿಯ ದಾರಿ ಹಿಡಿದು ಹೊರಟರೆ, ಕಾಫಿ, ಮೆಣಸು, ಅಡಕೆ ತೋಟಗಳ ನಡುವೆ ಏರಿಳಿಯುತ್ತ ಸಾಗುವ ರಸ್ತೆ ಕಡೆಗೆ ಕಬಿನಿಯ ದಡಕ್ಕೆ ಬಂದು ನಿಂತುಬಿಡುತ್ತದೆ. ಮುಂದಕ್ಕೆ ನೀರೇ ದಾರಿ. ಹೀಗೆ ರಸ್ತೆ ಮುಗಿದು ದೋಣಿ ಮೊದಲಾಗುವ ಊರು ಪೆರಿಕಲ್ಲೂರು. ನದಿಯ ಈಚೆಗೆ ಕೇರಳ; ಆಚೆಗೆ ಕರ್ನಾಟಕದ ಹೆಗ್ಗಡದೇವನಕೋಟೆ ಸೀಮೆಯ ಬೈರಕುಪ್ಪೆ, ಅದರ ಬೆನ್ನಿಗೆ ನಾಗರಹೊಳೆಯ ಕಾಡು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮಲಬಾರಿನೊಂದಿಗೆ ವಯನಾಡೂ ಕೇರಳಕ್ಕೆ ಸೇರಿತು. 1980ರ ನವೆಂಬರ್ 1ರಂದು ಅದೇ ಒಂದು ಜಿಲ್ಲೆಯಾಯಿತು. ಕಾಗದದ ಮೇಲೆ ಗೆರೆಗಳು ಹೀಗೆ ಬದಲಾಗುತ್ತಿದ್ದಾಗಲೂ ಹೊಳೆ ಮಾತ್ರ ತನ್ನ ಪಾಡಿಗೆ ತಾನು ಹರಿಯುತ್ತಲೇ ಇತ್ತು.

ಮಾನಂದವಾಡಿಯ ಹೊಳೆಯೂ ಪನಮರದ ಹೊಳೆಯೂ ಕೂಡಿ ಆದ ನದಿ ಈ ಕಬಿನಿ. ಕೇರಳದ 44 ನದಿಗಳಲ್ಲಿ ಪೂರ್ವಕ್ಕೆ ಮುಖ ಮಾಡಿ ಹರಿಯುವವು 3 ಮಾತ್ರ. ಅವುಗಳಲ್ಲಿ ಇದೂ ಒಂದು. ಪೆರಿಕಲ್ಲೂರಿನ ಕಡವಿನಲ್ಲಿ ಕಾಲು ತೊಳೆದ ನೀರು ಬೀಚನಹಳ್ಳಿಯ ಅಣೆಕಟ್ಟನ್ನು ದಾಟಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರಿ, ಬಂಗಾಳ ಕೊಲ್ಲಿಯ ಕಡೆಗೆ ಹೋಗುತ್ತದೆ. ನಾವು ಹೊರಟದ್ದು ಅದಕ್ಕೆ ವಿರುದ್ಧವಾಗಿ, ಘಟ್ಟವಿಳಿದು ಪಶ್ಚಿಮ ಸಮುದ್ರದ ಕಡೆಗೆ. ಕೊಚ್ಚಿಯಿಂದ ಹೊರಡುವ ವಿಹಾರದ ಹಡಗೊಂದರಲ್ಲಿ ಮೂರು ರಾತ್ರಿಗಳ ಯಾನ. ಆ ಯಾನದ ಸೊಗಸನ್ನು ವರ್ಣಿಸುವುದು ಈ ಲೇಖನದ ಉದ್ದೇಶವಲ್ಲ. ಅದಕ್ಕೆ ಮುನ್ನ ಪೆರಿಕಲ್ಲೂರಿನ ಒಂದು ಮನೆಯ ಜಗಲಿಯಲ್ಲಿ ಕುಳಿತು ನಮ್ಮ ಪೆಟ್ಟಿಗೆಗಳಿಗೆ ನಾವೇ ಹೆಸರಿನ ಚೀಟಿಗಳನ್ನು ತಯಾರಿಸಿಕೊಂಡ ಕೆಲಸವಿದೆಯಲ್ಲ, ಅದರ ವಿಷಯ ಓದುಗರಿಗೆ ತಿಳಿಸಬೇಕೆಂಬುದೇ ನಮ್ಮ ಆಸೆ. ಗಡಿಯಾಚೆಯ ನಮ್ಮಂಥ ಕುಟುಂಬಗಳಿಗೆ ಅದರಲ್ಲಿ ಉಪಯೋಗಕ್ಕೆ ಬರುವ ಸಂಗತಿ ಹೆಚ್ಚು.

ಚೀಟಿ ಬೇಡದ ದೋಣಿ

ಮೊದಲು ಈ ಕಡವಿನ ಪದ್ಧತಿಯನ್ನು ನೋಡಬೇಕು. ಬೆಳಗಾಯಿತೆಂದರೆ ದೋಣಿಗಳು ಎರಡೂ ದಡಗಳ ನಡುವೆ ಓಡಾಡಲು ಮೊದಲಾಗುತ್ತವೆ. ಆಚೆಯ ಮಕ್ಕಳು ಪುಸ್ತಕದ ಚೀಲ ಹೊತ್ತು ಈಚೆಯ ಶಾಲೆಗೆ ಬರುವುದುಂಟು. ಈಚೆಯ ರೈತರು ಆಚೆ ಗುತ್ತಿಗೆಗೆ ಹಿಡಿದ ಹೊಲಗಳಲ್ಲಿ ಶುಂಠಿ ಬೆಳೆಯಲು ಹೋಗುವುದುಂಟು. ಸಂತೆಯ ಸಾಮಾನು, ಗೋಣಿಚೀಲ, ಹಸಿಮೆಣಸಿನಕಾಯಿ ಬುಟ್ಟಿ, ನೆಂಟರ ಮನೆಗೆ ಒಯ್ಯುವ ಹಣ್ಣಿನ ಗಂಟು, ಎಲ್ಲವೂ ಒಂದೇ ದೋಣಿಯಲ್ಲಿ. ಒಂದರ ಮೇಲೂ ಹೆಸರಿಲ್ಲ. ಬೇಕಾಗಿಯೂ ಇಲ್ಲ. ಗಂಟು ಒಡೆಯನ ಕಾಲ ಬಳಿಯಲ್ಲೇ ಇರುತ್ತದೆ. ದಾಟುವುದಕ್ಕೆ ಹಿಡಿಯುವುದು ಕೆಲವೇ ನಿಮಿಷ. ಮರೆತು ಹೋದರೂ ಅಂಬಿಗನಿಗೆ ಯಾರ ಚೀಲ ಯಾವುದೆಂದು ಗೊತ್ತು. ಗಡಿಯಾದ್ದರಿಂದ ಒಮ್ಮೊಮ್ಮೆ ತಪಾಸಣೆಯವರು “ಇದು ಯಾರದು?” ಎಂದು ಕೇಳುತ್ತಾರೆ. “ನನ್ನದು” ಎಂಬ ಬಾಯಿಮಾತೇ ಅಲ್ಲಿ ಚೀಟಿ.

ಸೇತುವೆಯ ಬೇಡಿಕೆ ಇಲ್ಲಿ ದಶಕಗಳಷ್ಟು ಹಳೆಯದು. ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ದೋಣಿ ನಿಲ್ಲುತ್ತದೆ. 2020ರಲ್ಲಿ ಸಾಂಕ್ರಾಮಿಕ ಹರಡಿ ಗಡಿಗಳು ಮುಚ್ಚಿದಾಗ ಕಾಸರಗೋಡಿನವರು ತಲಪಾಡಿಯಲ್ಲಿ ಪಟ್ಟ ಪಾಡು ಓದುಗರಿಗೆ ನೆನಪಿರಬಹುದು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿರುವ ನೆಂಟರ ಮನೆ ಒಂದೇ ದಿನದಲ್ಲಿ ಪರದೇಶವಾಗುವುದೆಂದರೇನೆಂಬುದು ಗಡಿಯಲ್ಲಿ ಬಾಳುವವರಿಗೇ ಗೊತ್ತು.

ಈ ಊರಿಗೆ ಇನ್ನೊಂದು ವಿಶೇಷವಿದೆ. ರಸ್ತೆಯ ಕೊನೆಯ ಊರಾದರೂ ಇಲ್ಲಿಂದ ಕೊಟ್ಟಾಯಂ ಕಡೆಗೆ ಕೇರಳ ಸಾರಿಗೆಯ ದೂರದ ಬಸ್ಸುಗಳು ಹೊರಡುತ್ತವೆ. ಕಳೆದ ಶತಮಾನದ ನಡುವಿನ ದಶಕಗಳಲ್ಲಿ ತಿರುವಾಂಕೂರು ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕೃಷಿಕ ಕುಟುಂಬಗಳಿಗೆ ತವರಿನ ನಂಟು ಇನ್ನೂ ಬಿಟ್ಟಿಲ್ಲ. ಅವರ ಹಿರಿಯರು ಹೊತ್ತು ತಂದ ತಗಡಿನ ಟ್ರಂಕುಗಳು ಇಂದಿಗೂ ಕೆಲವು ಮನೆಗಳ ಅಟ್ಟದಲ್ಲಿವೆ. ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಹೆಸರು, ಊರು ಮಾಸಿಹೋಗಿದ್ದರೂ ಓದಲು ಬರುತ್ತದೆ. ನಮ್ಮ ಕಡೆಯವರೂ ಮಂಗಳೂರಿನಿಂದ ಮುಂಬಯಿಗೆ ಆವಿಹಡಗಿನಲ್ಲಿ ಹೋಗುತ್ತಿದ್ದ ಕಾಲದಲ್ಲಿ ಟ್ರಂಕಿನ ಮೇಲೆ ಹೀಗೆಯೇ ಹೆಸರು ಬರೆಸಿಕೊಳ್ಳುತ್ತಿದ್ದರು. ಗಂಟು ಕೈಬಿಟ್ಟು ಹೋಗುವ ಪ್ರಯಾಣಕ್ಕೆ ಹೆಸರು ಬೇಕು ಎಂಬುದು ಹೊಸ ತಿಳಿವಳಿಕೆಯೇನೂ ಅಲ್ಲ.

ಹಳೆಯ ಹಡಗುಗಳ ಕ್ರಮ

ವಿಲಾಯತಿಗೆ ಹೋಗುತ್ತಿದ್ದ ದೊಡ್ಡ ಹಡಗುಗಳಲ್ಲಿ ಈ ಚೀಟಿಯದೇ ಒಂದು ಶಾಸ್ತ್ರವಿತ್ತು. ಹಡಗಿನ ಕಂಪೆನಿಯೇ ಪ್ರಯಾಣಿಕರಿಗೆ ಬಣ್ಣಬಣ್ಣದ ಚೀಟಿಗಳನ್ನು ಕೊಡುತ್ತಿತ್ತು. ಕೋಣೆಯಲ್ಲಿ ಬೇಕಾದ ಪೆಟ್ಟಿಗೆಗೆ ಒಂದು ಬಗೆ. ಯಾನದ ನಡುವೆ ಬೇಕಾದೀತೆಂಬ ಪೆಟ್ಟಿಗೆಗೆ ಇನ್ನೊಂದು. ಊರು ಮುಟ್ಟುವವರೆಗೆ ಬೇಡವೇ ಬೇಡ ಎಂಬುದಕ್ಕೆ ಮತ್ತೊಂದು. ಈ ಕಡೆಯ ಬಗೆಯವು ಹಡಗಿನ ಹೊಟ್ಟೆಯೊಳಗೆ ಇಳಿದರೆ ಮತ್ತೆ ಕಾಣುವುದು ಬಂದರಿನಲ್ಲೇ. ಕೆಲವು ಚೀಟಿಗಳ ಮೇಲೆ ಮನೆತನದ ಹೆಸರಿನ ಮೊದಲಕ್ಷರ ದೊಡ್ಡದಾಗಿ ಅಚ್ಚಾಗಿರುತ್ತಿತ್ತು. ಸುಂಕದ ಕಟ್ಟೆಯ ಹಜಾರದಲ್ಲಿ ಪೆಟ್ಟಿಗೆಗಳನ್ನು ಆ ಅಕ್ಷರದ ಪ್ರಕಾರ ಜೋಡಿಸುತ್ತಿದ್ದರು. ಪ್ರಯಾಣಿಕನು ತನ್ನ ಅಕ್ಷರದ ಕೆಳಗೆ ಹೋಗಿ ಹುಡುಕಿಕೊಳ್ಳಬೇಕು.

ಈ ಕ್ರಮ ಮನೆತನದ ಹೆಸರಿಟ್ಟುಕೊಳ್ಳುವ ಜನಕ್ಕೆ ಸರಿ. ಊರಿನ ಹೆಸರೊಂದು, ತಂದೆಯ ಹೆಸರೊಂದು, ಇವುಗಳ ಮೊದಲಕ್ಷರಗಳನ್ನು ಹೊತ್ತು ನಡೆಯುವ ನಮ್ಮವರ ಗತಿಯೇನು? ಗಂಡನದು ಒಂದಕ್ಷರ, ಹೆಂಡತಿಯದು ಇನ್ನೊಂದು, ಮಕ್ಕಳದು ಬೇರೆ. ಒಂದೇ ಸಂಸಾರದ ನಾಲ್ಕು ಟ್ರಂಕುಗಳನ್ನು ಹಜಾರದ ನಾಲ್ಕು ಮೂಲೆಗಳಲ್ಲಿ ಹುಡುಕಬೇಕಾದೀತು! ಮುಂಬಯಿಯಿಂದ ಜೆದ್ದಾಕ್ಕೆ ಹಜ್ ಯಾತ್ರಿಕರನ್ನು ಒಯ್ಯುತ್ತಿದ್ದ ಹಡಗುಗಳು 1995ರಲ್ಲಿ ನಿಂತವು. ಅಂಥ ದೂರದ ಯಾತ್ರೆಗೆ ಹೊರಟವರು ಹೆಸರು, ವಿಳಾಸಗಳನ್ನು ಗಂಟಿನ ಮೇಲೆಯೇ ದಪ್ಪಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು. ಅದು ಅನುಭವ ಕಲಿಸಿದ ಜಾಣತನ.

ಈಗ ವಿಹಾರದ ಹಡಗು ನಮ್ಮ ದೇಶದ ಬಂದರುಗಳಿಗೂ ಅಪರೂಪವಲ್ಲ. 2021ರ ಫೆಬ್ರವರಿಯಲ್ಲಿ ಕೊಚ್ಚಿಯ ವಿಲಿಂಗ್ಡನ್ ದ್ವೀಪದಲ್ಲಿ “ಸಾಗರಿಕಾ” ಎಂಬ ಪ್ರಯಾಣಿಕರ ಟರ್ಮಿನಲ್ ಉದ್ಘಾಟನೆಯಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಕಾರ್ಡೀಲಿಯಾ ಸಂಸ್ಥೆಯ ಹಡಗು ಯಾನ ಆರಂಭಿಸಿತು. ಚೀಟಿಯ ಕ್ರಮವೂ ಬದಲಾಗಿದೆ. ಅನೇಕ ಹಡಗುಗಳವರು ಈಗ ಮುಂಗಡ ನೋಂದಣಿ ಮುಗಿದ ಮೇಲೆ ಚೀಟಿಯ ನಮೂನೆಯನ್ನೇ ಕಳುಹಿಸಿಬಿಡುತ್ತಾರೆ. ಮುದ್ರಿಸಿಕೊಳ್ಳುವುದು, ಮಡಿಸುವುದು, ಕಟ್ಟುವುದು ಎಲ್ಲ ಪ್ರಯಾಣಿಕರ ಪಾಲಿನ ಕೆಲಸ. ಮನೆತನದ ಅಕ್ಷರಕ್ಕೆ ಬದಲಾಗಿ ಕೋಣೆಯ ಸಂಖ್ಯೆ ಮುಖ್ಯವಾಗಿರುವುದು ನಮ್ಮಂಥವರಿಗೆ ದೊಡ್ಡ ಉಪಕಾರ.

ಜಗಲಿಯ ಮೇಲಿನ ಅಚ್ಚುಕೂಟ

ನಮ್ಮ ತಂಡದಲ್ಲಿ ಒಂಬತ್ತು ಜನ: ಪೆರಿಕಲ್ಲೂರಿನ ಮನೆಯವರು ನಾಲ್ವರು, ಹೊಳೆಯಾಚೆಯಿಂದ ದೋಣಿಯಲ್ಲಿ ಬಂದ ಅಜ್ಜಿ ಮತ್ತು ದೊಡ್ಡಮ್ಮ, ಕುಂಬಳೆಯಿಂದ ರೈಲಿನಲ್ಲಿ ನೇರ ಕೊಚ್ಚಿಗೆ ಬರಲಿದ್ದ ನೆಂಟರು ಮೂವರು. ಪೆಟ್ಟಿಗೆಗಳು ಏಳು. ಹೊರಡುವ ಹಿಂದಿನ ದಿನ ಮಕ್ಕಳ ಶಾಲೆಯ ಕೆಲಸಕ್ಕೆಂದು ತಂದಿದ್ದ ಪ್ರಿಂಟರನ್ನು ಜಗಲಿಗೆ ತಂದಿಟ್ಟೆವು. ವಿದ್ಯುತ್ತು ಎರಡು ಸಲ ಹೋಯಿತು. ಎರಡು ಸಲ ಕಾಫಿಯಾಯಿತು.

ಕುಂಬಳೆಯವರು ಅಲ್ಲಿನ ಅಂಗಡಿಯೊಂದರಲ್ಲಿ ಆಗಲೇ ಚೀಟಿಗಳನ್ನು ತೆಗೆಸಿದ್ದರು. ಆದರೆ ಕಪ್ಪು ಬಿಳುಪಿನಲ್ಲಿ. ಚೀಟಿಯ ಅಂಚಿಗಿರುವ ಬಣ್ಣದ ಪಟ್ಟಿ ಬರಿಯ ಅಲಂಕಾರವಲ್ಲ. ಹಡಗಿನ ಯಾವ ಭಾಗಕ್ಕೆ ಪೆಟ್ಟಿಗೆ ಹೋಗಬೇಕೆಂಬುದನ್ನು ಹೊರುವವರು ದೂರದಿಂದಲೇ ಆ ಬಣ್ಣ ನೋಡಿ ತಿಳಿಯುತ್ತಾರೆ. ಆದ್ದರಿಂದ ಅವರ ಚೀಟಿಗಳನ್ನೂ ಇಲ್ಲಿಯೇ ಬಣ್ಣದಲ್ಲಿ ಮುದ್ರಿಸಿದೆವು. ಮುದ್ರಿಸುವಾಗ ಅಳತೆ ಕುಗ್ಗದಂತೆ ನೂರಕ್ಕೆ ನೂರು ಎಂದೇ ಇಟ್ಟುಕೊಳ್ಳಬೇಕು. ಕಾಗದಕ್ಕೆ ಹೊಂದಿಸುವ ನೆಪದಲ್ಲಿ ಯಂತ್ರ ಚೀಟಿಯನ್ನು ಕಿರಿದು ಮಾಡಿದರೆ ಪಟ್ಟೆಪಟ್ಟೆಯ ಸಂಕೇತವನ್ನು ಓದುವ ಯಂತ್ರ ತಡವರಿಸಬಹುದು. ಪ್ರತಿ ಪೆಟ್ಟಿಗೆಗೆ ಒಂದರಂತೆ ಮುದ್ರಿಸಿದ ಮೇಲೆ ಕೋಣೆಗೆ ಒಂದರಂತೆ ಹೆಚ್ಚಿಗೆ ಮುದ್ರಿಸಿಟ್ಟುಕೊಂಡೆವು. ಕಾಗದ ಹರಿಯುವ ವಸ್ತು. ಅದಕ್ಕೆ ಬದಲಿ ಕೈಯಲ್ಲಿರಬೇಕು.

ಇನ್ನು ಶಾಯಿ. ಮನೆಯ ಸಾಮಾನ್ಯ ಇಂಕ್‌ಜೆಟ್ ಯಂತ್ರದ ಬಣ್ಣ ಹಲವು ವೇಳೆ ನೀರು ಸೋಕಿದರೆ ಹರಡುತ್ತದೆ; ಲೇಸರ್ ಯಂತ್ರದ್ದಾದರೆ ಆ ಭಯ ಕಡಮೆ. ವಯನಾಡಿನ ಇಬ್ಬನಿಯನ್ನೂ ಬಂದರಿನ ತೇವವನ್ನೂ ತಡೆಯಬೇಕಾದ ಕಾಗದಕ್ಕೆ ಮೇಲುಹೊದಿಕೆ ಅಗತ್ಯ. ಪೇಟೆಯಲ್ಲಿ ಇದಕ್ಕೆಂದೇ ತಂತಿಯ ಕುಣಿಕೆಯಿರುವ ಪ್ಲಾಸ್ಟಿಕ್ ಚೀಲಗಳು ಸಿಗುತ್ತವೆ. ನಮ್ಮಲ್ಲಿ ಮಕ್ಕಳ ಶಾಲೆಯ ಗುರುತಿನ ಚೀಟಿಯ ಹಳೆಯ ಹೊದಿಕೆಗಳು ಮೂರಿದ್ದವು. ಅವುಗಳಲ್ಲಿ ಮಡಿಸಿದ ಚೀಟಿ ಸರಿಯಾಗಿ ಕೂತಿತು. ಉಳಿದ ನಾಲ್ಕಕ್ಕೆ ಅಗಲದ ಪಾರದರ್ಶಕ ಟೇಪು. ಟೇಪನ್ನು ಸುಕ್ಕಿಲ್ಲದಂತೆ ಒಂದೇ ಎಳೆತಕ್ಕೆ ಹಚ್ಚಬೇಕು; ಸಂಕೇತದ ಮೇಲೆ ಗುಳ್ಳೆ ಬಂದರೆ ಕೆಟ್ಟಿತು.

ಮಡಿಸುವ ವಿಧಾನ ಚುಕ್ಕೆಗೆರೆಗಳಲ್ಲೇ ಇರುತ್ತದೆ. ಹಾಳೆಯನ್ನು ಗೆರೆಗಳ ಮೇಲೆ ಉದ್ದಕ್ಕೆ ಮಡಿಸುತ್ತ ಬಂದರೆ ಬೆರಳಗಲದ ಒಂದು ದಪ್ಪ ಪಟ್ಟಿಯಾಗುತ್ತದೆ. ಕೋಣೆಯ ಸಂಖ್ಯೆಯೂ ಸಂಕೇತವೂ ಹೊರಮುಖವಾಗಿರಬೇಕು. ಆ ಪಟ್ಟಿಯನ್ನು ಪೆಟ್ಟಿಗೆಯ ಹಿಡಿಗೆ ಬಳಸಿ ತಂದು, ತುದಿಗಳನ್ನು ಜೋಡಿಸಿ, ಹಿಡಿಗೆ ಒತ್ತಿದಂತೆ ಎರಡು ಮೂರು ಕಡೆ ಸ್ಟೇಪ್ಲರಿನಿಂದ ಪಿನ್ನು ಹೊಡೆಯುವುದು. ಸಂಕೇತದ ಮೇಲೆ ಮಾತ್ರ ಹೊಡೆಯಬಾರದು. ಪಿನ್ನಿನ ಮೊನೆ ಹೊರುವವನ ಕೈಗೆ ಚುಚ್ಚದಂತೆ ಅದರ ಮೇಲೊಂದು ತುಂಡು ಟೇಪು. ಮೇಲೆ ಎಳೆಯುವ, ಒಳಗೆ ಇಳಿಯುವ ಉದ್ದನೆಯ ಹಿಡಿಗೆ ಚೀಟಿ ಕಟ್ಟಕೂಡದು. ಹಿಡಿ ಇಳಿಸಿದೊಡನೆ ಚೀಟಿ ಮುದುರಿ ಹರಿಯುತ್ತದೆ. ಪಕ್ಕದ ಅಥವಾ ಮೇಲಿನ ಗಟ್ಟಿ ಹಿಡಿಯೇ ಸರಿಯಾದ ಜಾಗ.

ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ಹಡಗಿನ ಚೀಟಿಯನ್ನು ಮನೆಯಲ್ಲೇ ಕಟ್ಟಿ ಹೊರಡುವ ಆತುರ ಬೇಡ. ಪೆರಿಕಲ್ಲೂರಿನಿಂದ ಹೊರಟ ಬಸ್ಸು ತಾಮರಶ್ಶೇರಿ ಘಟ್ಟದ ಒಂಬತ್ತು ತಿರುವುಗಳನ್ನು ಇಳಿಯಬೇಕು. ನಡುವೆ ಬಸ್ಸು ಬದಲಿಸಬೇಕು. ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಉಜ್ಜಿ ಕಾಗದದ ಗತಿ ಏನಾದೀತು? ಆದ್ದರಿಂದ ಮಡಿಸಿದ ಚೀಟಿಗಳನ್ನು ಒಂದು ರಟ್ಟಿನ ಫೈಲಿನಲ್ಲಿಟ್ಟು, ಸ್ಟೇಪ್ಲರನ್ನೂ ಟೇಪನ್ನೂ ಕೈಚೀಲಕ್ಕೆ ಹಾಕಿಕೊಂಡೆವು. ತಯಾರಿ ಪೆರಿಕಲ್ಲೂರಿನಲ್ಲಿ, ಕಟ್ಟುವುದು ಕೊಚ್ಚಿಯಲ್ಲಿ.

ಅಜ್ಜಿಯ ಪ್ರಶ್ನೆ

ಕೆಲಸವೆಲ್ಲ ಮುಗಿಯಿತೆಂದು ನಾವು ಏಳುವಷ್ಟರಲ್ಲಿ, ಅಷ್ಟು ಹೊತ್ತೂ ಸುಮ್ಮನೆ ನೋಡುತ್ತ ಕುಳಿತಿದ್ದ ಅಜ್ಜಿ ಒಂದು ಚೀಟಿಯನ್ನು ಕೈಗೆತ್ತಿಕೊಂಡು, “ಇದರಲ್ಲಿ ನನ್ನ ಹೆಸರು ಎಲ್ಲಿದೆ ಮಗಾ?” ಎಂದರು. ತೋರಿಸಿದೆವು. “ಇದು ಹಡಗಿನವರಿಗೆ ಗೊತ್ತಾಯಿತು. ನನಗೆ ಹೇಗೆ ಗೊತ್ತಾಗಬೇಕು?” ಎಂದರು. ಅಜ್ಜಿಗೆ ಓದಲು ಬರುವುದು ಕನ್ನಡ ಒಂದೇ. ಚೀಟಿಯೆಲ್ಲ ಇಂಗ್ಲಿಷು.

ಅಜ್ಜಿಯ ಅಳುಕು ಅಲ್ಲಿಗೇ ಮುಗಿಯಲಿಲ್ಲ. ಪೆಟ್ಟಿಗೆಯನ್ನು ಬಂದರಿನ ಬಾಗಿಲಲ್ಲೇ ಯಾರಿಗೋ ಒಪ್ಪಿಸಿ ಬರಿಗೈಯಲ್ಲಿ ಹಡಗು ಹತ್ತಬೇಕೆಂಬುದು ಅವರಿಗೆ ಒಗ್ಗದ ಮಾತು. ಎಂಬತ್ತು ವರ್ಷಗಳಲ್ಲಿ ಅವರು ಹತ್ತಿದ ದೋಣಿಗಳಲ್ಲಿ ಗಂಟು ಅವರ ಕಾಲ ಬಳಿ ಬಿಟ್ಟು ಅತ್ತ ಸರಿದದ್ದಿಲ್ಲ. “ಹಾಗಾದರೆ ನಾನು ಬರುವುದಿಲ್ಲ, ನೀವು ಹೋಗಿ ಬನ್ನಿ” ಎಂದುಬಿಟ್ಟರು. ಒಂಬತ್ತು ಜನರ ಪ್ರಯಾಣ ಒಂದು ಕಾಗದದ ತುಂಡಿಗೆ ತಗುಲಿಕೊಂಡು ನಿಂತಿತು.

ಆಗ ದೊಡ್ಡಮ್ಮ ಒಂದು ದಾರಿ ತೋರಿದರು. ಹಡಗಿನ ಚೀಟಿ ಹಡಗಿನವರ ಪಾಡಿಗೆ ಇರಲಿ. ಅದರ ಮೇಲೆ ನಮ್ಮ ಬರೆಹ ಬೇಡ. ನಮ್ಮದೇ ಇನ್ನೊಂದು ಚೀಟಿ ಮಾಡಿ ಬೇರೆ ಹಿಡಿಗೆ ಕಟ್ಟೋಣ ಎಂದರು. ಹಾಗೆಯೇ ಆಯಿತು. ಗಟ್ಟಿ ರಟ್ಟಿನ ಮೇಲೆ ಮೇಲ್ಗಡೆ ದಪ್ಪಕ್ಷರದ ಕನ್ನಡದಲ್ಲಿ ಹೆಸರು. ಕೆಳಗೆ ಕೊಚ್ಚಿಯ ಕೂಲಿಯವರಿಗಾಗಿ ಮಲಯಾಳದಲ್ಲಿ. ಅದರ ಕೆಳಗೆ ಇಂಗ್ಲಿಷಿನಲ್ಲಿ, ಟಿಕೆಟ್ಟಿನಲ್ಲಿ ಹೇಗಿದೆಯೋ ಅಕ್ಷರಶಃ ಹಾಗೆಯೇ. ಗಡಿಯವರು ಇದರಲ್ಲಿ ಎಚ್ಚರವಾಗಿರಬೇಕು. ಪೆರಿಕಲ್ಲೂರು ಎಂಬ ಒಂದು ಹೆಸರನ್ನೇ ಇಂಗ್ಲಿಷಿನಲ್ಲಿ ಒಬ್ಬರು ಒಂದು ಕಕಾರದಿಂದ, ಇನ್ನೊಬ್ಬರು ಎರಡರಿಂದ ಬರೆಯುತ್ತಾರೆ. ಶಾಲೆಯ ದಾಖಲೆಯಲ್ಲಿ ಒಂದು ರೀತಿ, ಪಡಿತರ ಚೀಟಿಯಲ್ಲಿ ಇನ್ನೊಂದು ರೀತಿ ಇರುವ ಹೆಸರು ನಮ್ಮವರಲ್ಲಿ ಎಷ್ಟಿಲ್ಲ! ಪ್ರಯಾಣದ ಮಟ್ಟಿಗೆ ಗುರುತಿನ ದಾಖಲೆ, ಟಿಕೆಟ್ಟು, ಚೀಟಿ ಮೂರರಲ್ಲೂ ಒಂದೇ ಕಾಗುಣಿತವಿರಬೇಕು. ಮನೆಯ ಪೂರ್ಣ ವಿಳಾಸವನ್ನು ಹೊರಗೆ ಬರೆಯಲಿಲ್ಲ. ಬೀಗ ಹಾಕಿದ ಮನೆಯ ವಿಳಾಸ ದಾರಿಹೋಕರಿಗೆಲ್ಲ ತಿಳಿಯುವುದು ಕ್ಷೇಮವಲ್ಲ. ಹೆಸರು, ಫೋನಿನ ಸಂಖ್ಯೆ ಸಾಕು. ವಿಳಾಸ ಬರೆದ ಕಾಗದವೊಂದನ್ನು ಪೆಟ್ಟಿಗೆಯ ಒಳಗೆ ಬಟ್ಟೆಗಳ ಮೇಲೆಯೇ ಇಟ್ಟೆವು.

ಅಜ್ಜಿ ತಮ್ಮ ಹಳೆಯ ಸೀರೆಯೊಂದರ ಕೆಂಪು ಅಂಚನ್ನು ಹರಿದು ಏಳು ತುಂಡು ಮಾಡಿದರು. ಕನ್ನಡದ ಚೀಟಿಗಳನ್ನು ಅದರಿಂದಲೇ ಕಟ್ಟಿದ್ದಾಯಿತು. ಪೆಟ್ಟಿಗೆಗಳೆಲ್ಲ ಕಪ್ಪೋ ನೀಲಿಯೋ ಆಗಿರುವ ಈ ಕಾಲದಲ್ಲಿ ಒಂದು ಕೆಂಪು ಅಂಚಿನ ಗಂಟು ಎಷ್ಟು ಕೆಲಸಕ್ಕೆ ಬರುತ್ತದೆಂಬುದು ಆಮೇಲೆ ತಿಳಿಯಿತು.

ಕಟ್ಟಿದ ಚೀಟಿ, ಮುಟ್ಟಿದ ಪೆಟ್ಟಿಗೆ

ವಿಲಿಂಗ್ಡನ್ ದ್ವೀಪ ಬಂದರಿಗಾಗಿ ಹೂಳೆತ್ತಿದ ಮಣ್ಣಿನಿಂದ ಮನುಷ್ಯರೇ ಕಟ್ಟಿದ ದ್ವೀಪ. ಅಲ್ಲಿ ನೆರಳಿರುವ ಒಂದು ಮೂಲೆ ನೋಡಿ ಫೈಲು ಬಿಚ್ಚಿದೆವು. ಕುಂಬಳೆಯವರೂ ಬಂದು ಸೇರಿದರು. ಅವರ ಪೆಟ್ಟಿಗೆಯೊಂದು ಹಿಂದೊಮ್ಮೆ ದುಬೈಯಿಂದ ಬಂದದ್ದು. ವಿಮಾನದವರು ಅಂಟಿಸಿದ ಹಳೆಯ ಪಟ್ಟಿ ಇನ್ನೂ ಅದರ ಮೇಲಿತ್ತು. ಮೊದಲು ಅದನ್ನು ಕಿತ್ತು ತೆಗೆದೆವು. ಹಳೆಯ ಸಂಕೇತ ಹೊಸ ಪ್ರಯಾಣವನ್ನು ದಾರಿ ತಪ್ಪಿಸಬಲ್ಲದು. ದೊಡ್ಡಮ್ಮನ ರಕ್ತದೊತ್ತಡದ ಮಾತ್ರೆ, ಗುರುತಿನ ದಾಖಲೆ, ಒಂದು ಜೊತೆ ಬಟ್ಟೆ, ಇವನ್ನು ಪೆಟ್ಟಿಗೆಯಿಂದ ಕೈಚೀಲಕ್ಕೆ ವರ್ಗಾಯಿಸಿದೆವು. ಒಪ್ಪಿಸಿದ ಪೆಟ್ಟಿಗೆ ಕೋಣೆ ಮುಟ್ಟುವುದು ಸಂಜೆಯೋ ರಾತ್ರಿಯೋ ಆದ್ದರಿಂದ ಅಷ್ಟು ಹೊತ್ತಿಗೆ ಬೇಕಾದುದು ಕೈಯಲ್ಲಿರಬೇಕು. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ವಿದ್ಯುತ್ ಪಾತ್ರೆ, ಚಾಕು ಇಂಥವನ್ನು ಹಡಗಿನವರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅವುಗಳಿಂದಲೇ ಎಷ್ಟೋ ಪೆಟ್ಟಿಗೆಗಳು ತಪಾಸಣೆಯಲ್ಲಿ ನಿಂತುಹೋಗುತ್ತವೆ.

ಅಜ್ಜಿ ಪೆಟ್ಟಿಗೆಯನ್ನು ಒಪ್ಪಿಸುವ ಮೊದಲು ಕನ್ನಡದ ಚೀಟಿಯನ್ನು ಒಮ್ಮೆ ಓದಿಕೊಂಡರು. ಹೊರುವಾತ ಅದನ್ನು ಎತ್ತಿಕೊಂಡು ಹೋಗುವುದನ್ನು ತಿರುವಿನವರೆಗೂ ನೋಡುತ್ತ ನಿಂತರು.

ಆ ಸಂಜೆ ಹಡಗಿನ ಉದ್ದನೆಯ ಓಣಿಯಲ್ಲಿ ಬಾಗಿಲು ಬಾಗಿಲಿಗೂ ಪೆಟ್ಟಿಗೆಗಳು ಬಂದು ನಿಂತಿದ್ದವು. ನಮ್ಮವು ಆರು ಬಂದಿದ್ದವು, ಅಜ್ಜಿಯದು ಕಾಣಲಿಲ್ಲ. ಊಟದ ಹೊತ್ತಾದರೂ ಸುಳಿವಿಲ್ಲ. ಅಜ್ಜಿ ಏನೂ ಹೇಳಲಿಲ್ಲ. ಅದೇ ನಮಗೆ ಹೆಚ್ಚು ಕಷ್ಟವಾಯಿತು. ಆಮೇಲೆ ಅವರೇ ಎದ್ದು, ಗೋಡೆ ಹಿಡಿದುಕೊಂಡು ಓಣಿಯುದ್ದಕ್ಕೂ ನಡೆದರು. ಮೆಟ್ಟಿಲ ಬಳಿ ಒಟ್ಟಿದ್ದ ಹತ್ತಾರು ಪೆಟ್ಟಿಗೆಗಳ ನಡುವೆ ಕೆಂಪು ಅಂಚಿನ ಒಂದು ತುದಿ ಇಣುಕುತ್ತಿತ್ತು. ಹಡಗಿನ ಚೀಟಿ ಎಲ್ಲಿಯೋ ಉಜ್ಜಿ ಹರಿದು, ಪಿನ್ನಿಗೆ ಒಂದು ಚೂರು ಮಾತ್ರ ಉಳಿದಿತ್ತು. ಅಲ್ಲಿದ್ದ ಸಿಬ್ಬಂದಿಯ ಹುಡುಗ ಅದು ಯಾರದೆಂದು ತಿಳಿಯದೆ ನಿಂತಿದ್ದ. ಅಜ್ಜಿ ರಟ್ಟಿನ ಮೇಲಿನ ಹೆಸರಿನ ಮೇಲೆ ಬೆರಳಿಟ್ಟು, “ಇದು ನನ್ನದು” ಎಂದು ಕನ್ನಡದಲ್ಲೇ ಹೇಳಿದರು. ಆತ ಕೆಳಗಿನ ಇಂಗ್ಲಿಷ್ ಸಾಲನ್ನು ಅವರ ಕೋಣೆಯ ಕಾರ್ಡಿನೊಡನೆ ಹೋಲಿಸಿ ನೋಡಿ, ನಕ್ಕು, ಪೆಟ್ಟಿಗೆಯನ್ನು ತಾನೇ ತಂದು ಬಾಗಿಲಿಗೆ ಮುಟ್ಟಿಸಿದ.

ಯಾನದ ಕಡೆಯ ರಾತ್ರಿ ಹಡಗಿನವರೇ ಸಂಖ್ಯೆಯಿರುವ ಬಣ್ಣದ ಚೀಟಿಗಳನ್ನು ಕೊಟ್ಟರು. ಅವನ್ನು ಕಟ್ಟಿ ಪೆಟ್ಟಿಗೆಗಳನ್ನು ರಾತ್ರಿಯೇ ಬಾಗಿಲ ಹೊರಗಿಡಬೇಕು. ಮರುದಿನ ಟರ್ಮಿನಲ್ಲಿನ ಹಜಾರದಲ್ಲಿ ಬಣ್ಣದ ಪ್ರಕಾರ ಸಾಲಾಗಿ ನಿಂತಿರುತ್ತವೆ. ಬೆಳಗ್ಗೆ ಉಡುವ ಬಟ್ಟೆಯನ್ನೂ ಪೆಟ್ಟಿಗೆಗೆ ಸೇರಿಸಿ ಹೊರಗಿಟ್ಟು ಪೇಚಾಡುವವರು ಪ್ರತಿ ಯಾನದಲ್ಲಿಯೂ ಇರುತ್ತಾರಂತೆ; ಓದುಗರು ಅಷ್ಟನ್ನು ನೆನಪಿಟ್ಟುಕೊಳ್ಳಬೇಕು.

ಇಷ್ಟೆಲ್ಲ ಬರೆದದ್ದಕ್ಕೆ ಕಾರಣ ಒಂದೇ. ಚೀಟಿಯನ್ನು ನಾವು ಹೊರುವವರಿಗಾಗಿ, ಅಧಿಕಾರಿಗಳಿಗಾಗಿ, ಯಂತ್ರಕ್ಕಾಗಿ ಬರೆಯುತ್ತೇವೆ, ಬರೆಯಲೂ ಬೇಕು. ಆದರೆ ಪೆಟ್ಟಿಗೆಯ ಒಡೆಯರಿಗೆ ಅದನ್ನು ಓದಲು ಬರುತ್ತದೆಯೆ ಎಂದು ಕೇಳುವುದನ್ನು ಮರೆಯುತ್ತೇವೆ. ಗಡಿಯಾಚೆಯ ನಮ್ಮ ಮನೆಗಳಲ್ಲಿ ಕನ್ನಡವೊಂದನ್ನೇ ಓದಬಲ್ಲ ಹಿರಿಯರು ಇನ್ನೂ ಇದ್ದಾರೆ. ಕನ್ನಡವನ್ನು ಮಾತನಾಡಬಲ್ಲ, ಓದಲಾರದ ಮಕ್ಕಳೂ ಇದ್ದಾರೆ. ಆ ದಿನ ಜಗಲಿಯಲ್ಲಿ ಅಜ್ಜಿಯ ಹೆಸರನ್ನು ರಟ್ಟಿನ ಮೇಲೆ ಬರೆದದ್ದು ಮಲಯಾಳ ಮಾಧ್ಯಮದಲ್ಲಿ ಓದುವ ಹುಡುಗಿ. ಒಂದೊಂದು ಅಕ್ಷರವನ್ನೂ ಅಜ್ಜಿಯಿಂದ ಕೇಳಿ, ನೆಲದ ಮೇಲೆ ತಿದ್ದಿ, ಆಮೇಲೆ ರಟ್ಟಿನ ಮೇಲೆ ಬರೆದಳು. ಏಳನೆಯ ಚೀಟಿಯ ಹೊತ್ತಿಗೆ ಅವಳು ಕೇಳುವುದನ್ನು ನಿಲ್ಲಿಸಿದ್ದಳು. ಹಡಗಿನ ಕಾಗದಗಳನ್ನು ಕಿತ್ತೆಸೆದಾಗಿದೆ. ಆ ರಟ್ಟಿನ ಚೀಟಿಗಳನ್ನು ಮಾತ್ರ ಪೆಟ್ಟಿಗೆಗಳ ಮೇಲೆ ಹಾಗೆಯೇ ಬಿಟ್ಟಿದ್ದೇವೆ.